ಮನೆಯ ಹಳೆಯ ವಸ್ತು ಆನ್‌ಲೈನ್‌ನಲ್ಲಿ ಮಾರಿದರೆ ತೆರಿಗೆ ಕಟ್ಟಬೇಕೇ?

ಮನೆ ಬದಲಿಸುವಾಗ ಹಳೆಯ ಸೋಫಾ, ಮಕ್ಕಳ ಸೈಕಲ್, ಮೊಬೈಲ್‌ಗಳ ಫೋಟೊ ತೆಗೆದು ಒಎಲ್‌ಎಕ್ಸ್‌ನಂಥ ತಾಣಗಳಲ್ಲಿ ಹಾಕಿ ಮಾರುವುದು ಈಗ ಸಾಮಾನ್ಯ. ಹಣ ಯುಪಿಐ ಮೂಲಕ ನೇರವಾಗಿ ಖಾತೆಗೆ ಬರುತ್ತದೆ. ಅದನ್ನು ರಿಟರ್ನ್‌ನಲ್ಲಿ ಆದಾಯವೆಂದು ತೋರಿಸಬೇಕೇ ಎಂಬುದು ಹಲವರ ಸಂಶಯ. ಮನೆಬಳಕೆಯ ಬಹುತೇಕ ವಸ್ತುಗಳಿಗೆ ಉತ್ತರ: ಬೇಡ. ಆದರೆ ಅದೇ ಮನೆಯ ಬೀರುವಿನಲ್ಲಿರುವ ಒಡವೆಗೆ ಉತ್ತರ ಬೇರೆ.

ಸ್ವಂತ ಬಳಕೆಗಾಗಿ ಇಟ್ಟುಕೊಂಡ ಚರವಸ್ತುಗಳನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಪರಿಗಣಿಸುವುದಿಲ್ಲ. ಬಟ್ಟೆ, ಪೀಠೋಪಕರಣ, ಫ್ರಿಜ್, ಮನೆಯ ಕಾರು, ಸ್ಕೂಟರ್ ಎಲ್ಲವೂ ಇದರಲ್ಲಿ ಬರುತ್ತವೆ. 1961ರ ಕಾಯ್ದೆಯಲ್ಲಿದ್ದ ಈ ವಿನಾಯಿತಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯ್ದೆಯಲ್ಲೂ ಇದೆ. 40,000 ರೂಪಾಯಿಯ ಸೋಫಾವನ್ನು 12,000ಕ್ಕೆ ಮಾರಿದರೆ ಲಾಭವೇ ಇಲ್ಲ. ಅಪರೂಪಕ್ಕೆ ಹಳೆಯ ಸ್ಕೂಟರಿಗೆ ಕೊಂಡದ್ದಕ್ಕಿಂತ ಹೆಚ್ಚು ಬೆಲೆ ಬಂದರೂ ತೆರಿಗೆಯಿಲ್ಲ. ಹಾಗೆಯೇ ನಷ್ಟವನ್ನೂ ಲೆಕ್ಕಕ್ಕೆ ತೋರಿಸುವಂತಿಲ್ಲ.

ಅಂಗಡಿಯ ಹೆಸರಿನಲ್ಲಿ ಕೊಂಡು ಸವಕಳಿ ತೋರಿಸುತ್ತಾ ಬಂದ ಕಾರು ಅಥವಾ ಕಂಪ್ಯೂಟರ್ ಸ್ವಂತ ವಸ್ತುವಲ್ಲ. ಅದನ್ನು ಮಾರಿದ ಹಣ ವ್ಯಾಪಾರದ ಲೆಕ್ಕಕ್ಕೇ ಹೋಗಬೇಕು. ವ್ಯಾಪಾರಸ್ಥ ಕುಟುಂಬಗಳಲ್ಲಿ ಮನೆಯದು, ಅಂಗಡಿಯದು ಬೆರೆತುಹೋಗಿರುವುದೇ ಹೆಚ್ಚು. ಮಾರುವ ಮುನ್ನ ಬಿಲ್ ಯಾರ ಹೆಸರಿನಲ್ಲಿದೆ ಎಂದು ನೋಡುವುದು ಒಳ್ಳೆಯದು.

ಈ ವಿನಾಯಿತಿ ಸಿಗದ ವಸ್ತುಗಳೆಂದರೆ ಒಡವೆ, ಅಮೂಲ್ಯ ಹರಳು, ಚಿತ್ರ, ಶಿಲ್ಪ, ಕಲಾಕೃತಿ ಮತ್ತು ಪ್ರಾಚ್ಯವಸ್ತು ಸಂಗ್ರಹ. ದಿನವೂ ಧರಿಸುವ ಸರವಾದರೂ ಒಡವೆ ಒಡವೆಯೇ. ಉದಾಹರಣೆಗೆ, 2 ಲಕ್ಷ ರೂಪಾಯಿಗೆ ಕೊಂಡು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಸರವನ್ನು 5 ಲಕ್ಷಕ್ಕೆ ಮಾರಿದರೆ, 3 ಲಕ್ಷ ಲಾಭಕ್ಕೆ ಶೇ 12.5ರಂತೆ 37,500 ರೂಪಾಯಿ ತೆರಿಗೆ, ಅದರ ಮೇಲೆ ಶೇ 4 ಸೆಸ್. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಇತರ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಅಜ್ಜಿಯಿಂದ ಬಂದ ಸರವಾದರೆ ಅವರು ಕೊಂಡ ಬೆಲೆಯೇ ನಿಮ್ಮ ಬೆಲೆ, ಅವರು ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕೆ ಮೊದಲೇ ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಹಳೆಯ ರಸೀದಿ ಯಾರ ಮನೆಯಲ್ಲಿ ಉಳಿದಿರುತ್ತದೆ? ನೋಂದಾಯಿತ ಮೌಲ್ಯಮಾಪಕರಿಂದ ಆ ದಿನದ ಬೆಲೆಯ ವರದಿ ಪಡೆದಿಟ್ಟುಕೊಂಡರೆ ಕೆಲಸಕ್ಕೆ ಬರುತ್ತದೆ.

ಪೂಜೆಗೆ ಬಳಸುವ ಚಿನ್ನ, ಬೆಳ್ಳಿಯ ನಾಣ್ಯಗಳ ಬಗ್ಗೆಯೂ ಪ್ರಶ್ನೆ ಏಳುತ್ತದೆ. ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಪ್ರಕರಣದಲ್ಲಿ ಇದೇ ವಾದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವಿಶೇಷ ದಿನಗಳ ಪೂಜೆಯಲ್ಲಿ ಇಟ್ಟ ಮಾತ್ರಕ್ಕೆ ನಾಣ್ಯಗಳು ಸ್ವಂತ ಬಳಕೆಯ ವಸ್ತುಗಳಾಗುವುದಿಲ್ಲ, ವ್ಯಕ್ತಿಯ ನಿತ್ಯದ ನಿಕಟ ಬಳಕೆ ಇರಬೇಕು ಎಂದು 1976ರಲ್ಲಿ ತೀರ್ಪು ಬಂತು.

ಮಾರುವುದಕ್ಕಾಗಿಯೇ ಹಳೆಯ ಫೋನು, ಸೀರೆ ಕೊಂಡು ಮತ್ತೆ ಮತ್ತೆ ಮಾರುವವರ ಗಳಿಕೆ ವ್ಯಾಪಾರದ ಆದಾಯ. ಮನೆಯಲ್ಲೇ ಕುಳಿತು ಮಾಡಿದರೂ ಅಷ್ಟೇ. ಇ-ಕಾಮರ್ಸ್ ಸಂಸ್ಥೆಯ ಮೂಲಕ ಮಾರುವ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಪ್ಯಾನ್ ಇಲ್ಲವೇ ಆಧಾರ್ ಕೊಟ್ಟಿದ್ದು, ವರ್ಷದ ಮಾರಾಟ 5 ಲಕ್ಷ ರೂಪಾಯಿ ಮೀರದಿದ್ದರೆ ಟಿಡಿಎಸ್ ಕಡಿತವಿಲ್ಲ. ಮೀರಿದರೆ ಶೇ 0.1. ಕಡಿತವಾಗಲಿಲ್ಲವೆಂದ ಮಾತ್ರಕ್ಕೆ ಆ ಆದಾಯ ತೆರಿಗೆಯಿಂದ ಮುಕ್ತವಲ್ಲ.

ಅಟ್ಟದ ಮೇಲಿನ ಓಲೆಗರಿ ಕಟ್ಟು ಅಥವಾ ಹಳೆಯ ಲೋಹದ ಬಿಂಬದ ಫೋಟೊ ತಾಣಕ್ಕೆ ಹಾಕುವ ಮುನ್ನ ಮಾತ್ರ ನಿಲ್ಲಿ. 100 ವರ್ಷ ಮೀರಿದ ಶಿಲ್ಪಗಳಿಗೂ 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳಿಗೂ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತೆಯೇ ಇಲ್ಲ.