ಅಂಗವೈಕಲ್ಯ ಭತ್ಯೆ ಪಡೆಯುವವರು ದುಡಿಯಬಹುದೇ?

ಅಮೆರಿಕದಲ್ಲಿರುವ ಒಬ್ಬ ಲೆಕ್ಕಿಗನನ್ನು ಊಹಿಸಿಕೊಳ್ಳಿ. ಬೆನ್ನುಮೂಳೆಗೆ ಪೆಟ್ಟಾಗಿ ಆತ ನೌಕರಿ ಬಿಟ್ಟಿದ್ದಾನೆ. ಎರಡು ವರ್ಷಗಳಿಂದ ಸರ್ಕಾರದ ಅಂಗವೈಕಲ್ಯ ವಿಮಾ ಭತ್ಯೆಯೇ ಮನೆಗೆ ಆಧಾರ. ಈಗ ಕೊಂಚ ಚೇತರಿಸಿಕೊಂಡು, ಮನೆಯಲ್ಲೇ ಕುಳಿತು ಅಂಗಡಿಯೊಂದರ ಲೆಕ್ಕ ಬರೆದುಕೊಡುವ ಗುತ್ತಿಗೆ ಒಪ್ಪಿಕೊಳ್ಳಬೇಕೆಂದಿದ್ದಾನೆ. ನಾಲ್ಕು ಕಾಸು ಸಂಪಾದಿಸಿದರೆ ಭತ್ಯೆಯೇ ನಿಂತುಹೋದೀತೇ? ಈ ಭಯದಿಂದಲೇ ಎಷ್ಟೋ ಮಂದಿ ದುಡಿಯುವ ಆಸೆ ಬಿಟ್ಟುಬಿಡುತ್ತಾರೆ. ಕಾನೂನು ಏನು ಹೇಳುತ್ತದೆ, ನೋಡೋಣ.

ಇದು ದಾನವಲ್ಲ, ವಿಮೆ ಎಂಬುದನ್ನು ಮೊದಲು ಗಮನಿಸಿ. ದುಡಿಯುವಾಗ ಪ್ರತಿಯೊಬ್ಬರೂ ಕಟ್ಟುವ ಸಾಮಾಜಿಕ ಭದ್ರತಾ ತೆರಿಗೆಯಿಂದಲೇ ಈ ಹಣ ಬರುತ್ತದೆ. 1956ರಲ್ಲಿ ಕಾನೂನಾದಾಗ ಭತ್ಯೆ 50 ವರ್ಷ ದಾಟಿದವರಿಗೆ ಮಾತ್ರ ದೊರೆಯುತ್ತಿತ್ತು. 1960ರ ತಿದ್ದುಪಡಿ ಆ ಮಿತಿಯನ್ನು ತೆಗೆಯಿತು. ಜೊತೆಗೆ 'ಪ್ರಾಯೋಗಿಕ ದುಡಿಮೆಯ ಅವಧಿ'ಯನ್ನೂ ತಂದಿತು.

ಈ ಅವಧಿ 9 ತಿಂಗಳು. ಅವು ಒಂದರ ಹಿಂದೊಂದು ಬರಬೇಕಾಗಿಲ್ಲ. 60 ತಿಂಗಳ ಒಳಗೆ ಬಿಡಿಬಿಡಿಯಾಗಿ ಬರಬಹುದು. ಆ ತಿಂಗಳುಗಳಲ್ಲಿ ಎಷ್ಟೇ ಗಳಿಸಿದರೂ ಭತ್ಯೆ ಪೂರ್ತಿ ಸಿಗುತ್ತದೆ. 2025ರ ಲೆಕ್ಕದಲ್ಲಿ 1,160 ಡಾಲರಿಗಿಂತ ಹೆಚ್ಚು ಗಳಿಸಿದ ತಿಂಗಳು ಪ್ರಾಯೋಗಿಕ ತಿಂಗಳು ಎನಿಸುತ್ತದೆ. ಗುತ್ತಿಗೆದಾರನಿಗೆ ಇನ್ನೊಂದು ಅಳತೆಯೂ ಇದೆ: ಗಳಿಕೆ ಕಡಿಮೆಯಿದ್ದರೂ ತಿಂಗಳಿಗೆ 80 ಗಂಟೆ ಮೀರಿ ದುಡಿದರೆ ಆ ತಿಂಗಳೂ ಎಣಿಕೆಗೆ ಸೇರುತ್ತದೆ.

ಇಲ್ಲಿ ಗಳಿಕೆ ಎಂದರೆ ಕೈಗೆ ಬಂದ ಒಟ್ಟು ಹಣವಲ್ಲ, ಖರ್ಚು ಕಳೆದು ಉಳಿದದ್ದು. ನಮ್ಮ ಲೆಕ್ಕಿಗನಿಗೆ 1,500 ಡಾಲರ್ ಬಂದು, ಕಾಗದ, ಕಂಪ್ಯೂಟರ್, ದೂರವಾಣಿಗೆ 400 ಖರ್ಚಾದರೆ ಉಳಿಯುವುದು 1,100. ದುಡಿದದ್ದು 60 ಗಂಟೆಯಾದರೆ ಆ ತಿಂಗಳು ಎಣಿಕೆಗೆ ಬರುವುದಿಲ್ಲ. ರಸೀದಿಗಳನ್ನು ಜೋಪಾನವಾಗಿಡುವುದರ ಮಹತ್ವ ಈಗ ತಿಳಿಯಿತಲ್ಲವೇ?

9 ತಿಂಗಳು ಮುಗಿದ ಮೇಲೆ 36 ತಿಂಗಳ ಇನ್ನೊಂದು ಅವಧಿ ಆರಂಭವಾಗುತ್ತದೆ. ಆಗ ಗಮನಾರ್ಹ ಗಳಿಕೆಯ ಮಿತಿ ಮುಖ್ಯವಾಗುತ್ತದೆ. 2025ರಲ್ಲಿ ಅದು ತಿಂಗಳಿಗೆ 1,620 ಡಾಲರ್, ಅಂಧರಿಗೆ 2,700. ಮಿತಿ ಮೀರಿದ ಮೊದಲ ತಿಂಗಳು ಮತ್ತು ಮುಂದಿನ ಎರಡು ತಿಂಗಳು ಭತ್ಯೆ ಸಿಗುತ್ತದೆ. ಅನಂತರ ಮಿತಿ ಮೀರಿದ ತಿಂಗಳಲ್ಲಿ ಭತ್ಯೆ ಇಲ್ಲ, ಮೀರದ ತಿಂಗಳಲ್ಲಿ ಉಂಟು. ದುಡಿಮೆಯ ಕಾರಣದಿಂದ ಭತ್ಯೆ ಪೂರ್ತಿ ನಿಂತು, ಅದೇ ಕಾಯಿಲೆಯಿಂದ ಮತ್ತೆ ಕೆಲಸ ಬಿಡಬೇಕಾಗಿ ಬಂದರೆ, 5 ವರ್ಷದೊಳಗೆ ಹೊಸ ಅರ್ಜಿಯಿಲ್ಲದೆ ಅದನ್ನು ಮರಳಿ ಕೇಳಬಹುದು.

ಹಾಗಾದರೆ ಅಪಾಯ ಎಲ್ಲಿದೆ? ಮೌನದಲ್ಲಿದೆ. ನೌಕರನ ಸಂಬಳದಿಂದ ಮಾಲೀಕನೇ ತೆರಿಗೆ ಹಿಡಿದು ಕಟ್ಟುತ್ತಾನೆ. ಗುತ್ತಿಗೆದಾರನಿಗೆ ಅಂಥ ಮಾಲೀಕನಿಲ್ಲ. ಸಾಮಾಜಿಕ ಭದ್ರತೆ ಮತ್ತು ವೈದ್ಯಕೀಯ ವಿಮೆಯ ತೆರಿಗೆಯಲ್ಲಿ ಮಾಲೀಕನ ಪಾಲನ್ನೂ ಸೇರಿಸಿ ಶೇಕಡಾ 15.3ರಷ್ಟನ್ನು ಆತನೇ ತೆರಬೇಕು. ಕೆಲಸ ಹಿಡಿದ ವಿಷಯವನ್ನು ಸಾಮಾಜಿಕ ಭದ್ರತಾ ಕಚೇರಿಗೂ ಆತನೇ ತಿಳಿಸಬೇಕು. ವರ್ಷದ ಕೊನೆಯ ತೆರಿಗೆ ಲೆಕ್ಕದಿಂದ ಹೇಗೂ ಗೊತ್ತಾಗುತ್ತದಲ್ಲ ಎಂದು ಸುಮ್ಮನಿದ್ದರೆ ಕಚೇರಿಗೆ ತಿಳಿಯುವುದು ತಡವಾಗಿ. ಅಷ್ಟರಲ್ಲಿ ಸಲ್ಲದ ಭತ್ಯೆ ತಿಂಗಳು ತಿಂಗಳೂ ಬಂದು ಖರ್ಚಾಗಿರುತ್ತದೆ. ಅದನ್ನೆಲ್ಲ ಒಟ್ಟಾಗಿ ಹಿಂತಿರುಗಿಸಿ ಎಂಬ ಪತ್ರ ಬಂದಾಗ ಆ ಮನೆಯ ಗತಿಯೇನು?

ಬಡತನವನ್ನು ಆಧರಿಸಿ ಕೊಡುವ ಇನ್ನೊಂದು ಭತ್ಯೆಯೂ ಅಲ್ಲಿದೆ. ಅದಕ್ಕೆ ಈ 9 ತಿಂಗಳ ಸವಲತ್ತಿಲ್ಲ. ಗಳಿಕೆ ಏರಿದಂತೆ ಭತ್ಯೆ ಇಳಿಯುತ್ತದೆ. ಆದ್ದರಿಂದ ತನಗೆ ಬರುತ್ತಿರುವುದು ಯಾವ ಭತ್ಯೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ಕೆಲಸಕ್ಕೆ ಮರಳಲು ಯತ್ನಿಸಿ ಸೋತವನನ್ನು ಶಿಕ್ಷಿಸಬಾರದು ಎಂಬುದೇ ಈ ನಿಯಮಗಳ ಹಿಂದಿರುವ ವಿಚಾರ. ಆದರೆ ನಿಯಮ ತಿಳಿಯದವನಿಗೆ, ಲೆಕ್ಕ ಇಡದವನಿಗೆ ಅದರ ರಕ್ಷಣೆ ಪೂರ್ತಿಯಾಗಿ ದಕ್ಕುವುದಿಲ್ಲ.