ಚಿಪ್ಪಿನ ದಿಬ್ಬಗಳು

ಊರ ಹೊರಗಿನ ತಿಪ್ಪೆಯನ್ನು ಕಂಡರೆ ಮೂಗು ಮುಚ್ಚಿಕೊಂಡು ನಡೆಯುವುದು ನಮ್ಮೆಲ್ಲರ ವಾಡಿಕೆ. ಆದರೆ ಪ್ರಾಕ್ತನ ಶೋಧಕನಿಗೆ ತಿಪ್ಪೆಯೇ ಭಂಡಾರ. ಶಾಸನವು ಬರೆಯಿಸಿದವನಿಗೆ ಹಿತವಾದುದನ್ನು ನುಡಿಯುವುದು; ಕಸದ ರಾಶಿಗೆ ಮುಖಸ್ತುತಿ ತಿಳಿಯದು.

ಡೆನ್ಮಾರ್ಕ್ ದೇಶದ ಕಡಲತೀರದಲ್ಲಿ ಚಿಪ್ಪಿನ ದೊಡ್ಡ ದಿಬ್ಬಗಳುಂಟು. ಇವನ್ನು ಸಮುದ್ರವೇ ಒಟ್ಟಿತೆಂದು ಹಿಂದೆ ಭಾವಿಸಿದ್ದರು. 1850ರ ಸುಮಾರಿನಲ್ಲಿ ಸ್ಟೀನ್‌ಸ್ಟ್ರುಪ್, ವೊರ್ಸೊ ಮೊದಲಾದ ವಿದ್ವಾಂಸರು ಪರೀಕ್ಷಿಸಲಾಗಿ ಚಿಪ್ಪುಗಳ ನಡುವೆ ಕಲ್ಲಿನ ಆಯುಧಗಳೂ ಒಲೆಯ ಬೂದಿಯೂ ಸೀಳಿದ ಎಲುಬುಗಳೂ ದೊರೆತವು. ಇವು ಮನುಷ್ಯರು ಉಂಡು ಬಿಸುಟ ಶೇಷವೆಂದು ಸಿದ್ಧವಾಯಿತು. ‘ಅಡಿಗೆಮನೆಯ ಕಸ’ ಎಂಬ ಅರ್ಥದ ಡೇನಿಷ್ ಹೆಸರೇ ಇಂಥ ದಿಬ್ಬಗಳಿಗೆ ನಿಂತಿತು.

ಕಸದಿಂದ ಎಷ್ಟು ತಿಳಿಯಬಹುದೆಂಬುದಕ್ಕೆ ಸ್ಕಾಟ್ಲೆಂಡಿನ ಪಶ್ಚಿಮದಲ್ಲಿರುವ ಒರನ್ಸೇ ಎಂಬ ಪುಟ್ಟ ದ್ವೀಪವು ನಿದರ್ಶನ. ಇಳಿತದ ಹೊತ್ತಿನಲ್ಲಿ ನೆರೆಯ ಕಾಲನ್ಸೇ ದ್ವೀಪದಿಂದ ಇಲ್ಲಿಗೆ ನಡೆದೇ ಬರಬಹುದು. ಸುಮಾರು 6000 ವರ್ಷಗಳ ಹಿಂದೆ ಕಡಲಿನ ಮಟ್ಟವು ಇಲ್ಲಿ ಈಗಿಗಿಂತ ಎತ್ತರದಲ್ಲಿದ್ದು, ದ್ವೀಪವು ಇನ್ನೂ ಕಿರಿದಾಗಿತ್ತು. ಆ ಕಾಲದ ಬೇಟೆಗಾರರು ಬಿಟ್ಟುಹೋದ ಐದು ದಿಬ್ಬಗಳಲ್ಲಿ ಲಿಂಪೆಟ್ ಎಂಬ ಬಂಡೆಚಿಪ್ಪೇ ಹೇರಳ. ಚಿಪ್ಪಿನ ಸುಣ್ಣದ ಅಂಶವು ಮಣ್ಣಿನ ಹುಳಿಯನ್ನು ಮುರಿಯುವುದರಿಂದ, ಬೇರೆಡೆ ಕರಗಿಹೋಗುವ ಎಲುಬುಗಳು ಇಲ್ಲಿ ಉಳಿದಿವೆ.

1970ರ ದಶಕದಲ್ಲಿ ಪಾಲ್ ಮೆಲ್ಲರ್ಸ್ ಎಂಬ ವಿದ್ವಾಂಸರು ಇಲ್ಲಿ ಅಗೆಸಿದರು. ಸೇಥ್ ಎಂಬ ಮೀನಿನ ಕಿವಿಯೊಳಗಿನ ಕಲ್ಲು ಮೀನು ಬೆಳೆದಂತೆ ಬೆಳೆಯುವುದು. ಅದನ್ನು ಅಳೆದರೆ ಎಳೆಯ ಮೀನನ್ನು ಹಿಡಿದ ಋತುವು ತಿಳಿಯುವುದು. ಹೀಗೆ ಅಳೆಯಲಾಗಿ, ಬೇರೆ ಬೇರೆ ದಿಬ್ಬಗಳಲ್ಲಿ ಬೇರೆ ಬೇರೆ ಋತುಗಳ ಬೇಟೆ ಕಂಡುಬಂದಿತು. ಜನರು ವರ್ಷವೆಲ್ಲ ದ್ವೀಪದಲ್ಲೇ ನೆಲೆಸಿದ್ದರೆ, ಇಲ್ಲವೆ ಋತುವಿಗೊಮ್ಮೆ ದೋಣಿಯಲ್ಲಿ ಬಂದುಹೋಗುತ್ತಿದ್ದರೆ ಎಂಬ ಚರ್ಚೆಗೆ ಒಂದು ಮೀನಿನ ಪುಟ್ಟ ಕಲ್ಲು ಸಾಕ್ಷಿಯಾಯಿತು. ನಾಕ್ ಕಾಯ್ಗ್ ಎಂಬ ದಿಬ್ಬದಲ್ಲಿ ಮನುಷ್ಯರ ಕೈಕಾಲುಗಳ ಸಣ್ಣ ಎಲುಬುಗಳೂ ದೊರೆತವು. ಆದುದರಿಂದ ಅದು ಬರಿಯ ಕಸದ ಗುಡ್ಡೆಯಾಗಿರಲಿಲ್ಲ. ಅಗಲಿದವರಿಗೂ ಅಲ್ಲಿ ಎಡೆಯಿದ್ದಿತು.

ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ನಮ್ಮ ಕರಾವಳಿಯವರು ಬಲ್ಲರು. ಇಂಥ ದಿಬ್ಬಗಳೆಷ್ಟೋ ಲೋಕದ ಹಲವೆಡೆ ಸುಣ್ಣದ ಗೂಡಿಗೂ ರಸ್ತೆಗೂ ಸಂದುಹೋದವು. ಉಳಿದವನ್ನು ಅಲೆಗಳು ಕೊರೆಯುತ್ತಿವೆ. ಪುಸ್ತಕವು ಸುಟ್ಟರೆ ಮತ್ತೊಂದು ಪ್ರತಿ ದೊರೆತೀತು. ಈ ದಿಬ್ಬಗಳಿಗೆ ಎರಡನೆಯ ಪ್ರತಿಯಿಲ್ಲ.