ಗಾಲಿಯೇರಿದ ಯಂತ್ರಗಳು

ಭದ್ರಾವತಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಬ್ಬಿಣ. ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಮೂಡಿದ ಅಲ್ಲಿನ ಕಾರ್ಖಾನೆ ಕಾರ್ಯಾರಂಭ ಮಾಡಿದ್ದು 1923ರಲ್ಲಿ. ಅಂಥ ಬೃಹತ್ ಕಾರ್ಖಾನೆಗಳಲ್ಲಿ ಭಾರವಾದ ಯಂತ್ರವು ಕಾಂಕ್ರೀಟಿನ ಅಸ್ತಿಭಾರಕ್ಕೆ ಬೋಲ್ಟುಗಳಿಂದ ಬಿಗಿಯಲ್ಪಟ್ಟು ಅಚಲವಾಗಿ ನಿಂತಿರುತ್ತದೆ. ಲೋಹದ ತುಂಡನ್ನು ಕ್ರೇನು ಎತ್ತಿ ಅದರ ಬಳಿಗೆ ತರುತ್ತದೆ.

ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗದಲ್ಲಿ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆಗಳಲ್ಲಿ ಕಾಣುವುದು ಬೇರೊಂದು ಲೋಕ. ಸಣ್ಣ ವರ್ಕ್‌ಶಾಪಿಗೆ ಕ್ರೇನಿನ ಭಾಗ್ಯವೆಲ್ಲಿ? ಕೆಲಸಕ್ಕೆ ಉದ್ದನೆಯ ತೊಲೆಯೊಂದು ಒಳಬಂದರೆ ಯಂತ್ರವೇ ಮೂಲೆಗೆ ಸರಿಯಬೇಕು. ಅಡಿಯಲ್ಲಿ ಪೈಪಿನ ತುಂಡುಗಳನ್ನಿಟ್ಟು, ಹಾರೆಯಿಂದ ಮೀಟಿ, ನಾಲ್ವರು ದೂಡುವುದು ಹಳೆಯ ಕ್ರಮ. ಪೈಪು ಜಾರಿದರೆ ಕಾಲ್ಬೆರಳಿಗೇ ಗಂಡಾಂತರ. ಆದ್ದರಿಂದ ಯಂತ್ರಕ್ಕೆ ಗಾಲಿ ಜೋಡಿಸುವ ಉಪಾಯ ಇಂಥ ಇಕ್ಕಟ್ಟಿನಲ್ಲಿ ವರವಾಗುತ್ತದೆ.

ಆದರೆ ಗಾಲಿಯಿರುವುದು ಚಲನೆಗೆ, ಕೆಲಸಕ್ಕಲ್ಲ. ಜಾತ್ರೆಯ ತೇರು ನಿಂತೊಡನೆ ಗಾಲಿಗೆ ಮರದ ಅಡ್ಡೆ ಕೊಡುವರಷ್ಟೆ! ಅಂತೆಯೇ ಯಂತ್ರವು ಸ್ವಸ್ಥಾನ ಸೇರಿದೊಡನೆ ತಿರುಪು ಕಾಲುಗಳನ್ನು ಇಳಿಸಿ, ಭಾರವನ್ನೆಲ್ಲ ಅವುಗಳ ಮೇಲೆ ಹೊರಿಸಬೇಕು. ಗಾಲಿಯ ಮೇಲೆಯೇ ನಿಂತ ಯಂತ್ರ ದುಡಿಯುವಾಗ ನಡುಗುತ್ತದೆ. ಕೊರೆದ ರಂಧ್ರ ಸೊಟ್ಟಗಾಗುತ್ತದೆ.

ಲೆಕ್ಕದಲ್ಲಿಯೂ ಎಚ್ಚರ ಬೇಕು. 300 ಕಿಲೋ ತೂಕದ ಯಂತ್ರಕ್ಕೆ ನಾಲ್ಕು ಗಾಲಿಗಳಿದ್ದರೆ ಒಂದೊಂದಕ್ಕೆ 75 ಕಿಲೋ ಎಂದು ಭಾಗಿಸುವುದು ಸಹಜ. ಆದರೆ ನೆಲ ಎಂದೂ ಪೂರ್ಣ ಸಮತಟ್ಟಲ್ಲ. ಒಂದು ಗಾಲಿ ತಗ್ಗಿನ ಮೇಲೆ ಬಂದರೆ ಅದರ ಪಾಲನ್ನೂ ಉಳಿದವು ಹೊರಬೇಕು. ಆದ್ದರಿಂದ ಮೂರರಿಂದ ಭಾಗಿಸಿ, ಒಂದೊಂದೂ 100 ಕಿಲೋವಿಗೆ ಕಡಿಮೆಯಿಲ್ಲದಂತೆ ಆರಿಸುವುದು ಜಾಣತನ. ತೀರ ಚಿಕ್ಕ ಗಾಲಿಯನ್ನು ನೆಲದ ಮೇಲಿನ ಒಂದು ಕಬ್ಬಿಣದ ಚೂರೂ ತಡೆದು ನಿಲ್ಲಿಸಬಲ್ಲುದು.

ಡ್ರಿಲ್ಲಿಂಗ್ ಯಂತ್ರಕ್ಕೆ ತಲೆಯೇ ಭಾರ. ಅದರ ಅಡಿಗೆ ಅಗಲವಾದ ಉಕ್ಕಿನ ಚೌಕಟ್ಟು ಅವಶ್ಯ. ಮೇಲ್ಭಾಗವನ್ನು ಹಿಡಿದು ಎಳೆದರೆ ಅದು ಎಳೆದವನ ಮೇಲೆಯೇ ಉರುಳೀತು. ಕೆಳಭಾಗದಲ್ಲಿ ಕೈಯಿಟ್ಟು ಮೆಲ್ಲಗೆ ದೂಡಬೇಕು. ವಿದ್ಯುತ್ ತಂತಿಯನ್ನು ಮೊದಲೇ ಬಿಡಿಸಿರಬೇಕು.

ಎಲ್ಲ ಯಂತ್ರಗಳಿಗೂ ಈ ಸಂಚಾರಯೋಗವಿಲ್ಲ. ಲೇತಿನ ಉದ್ದನೆಯ ಬೆಡ್ಡು ಕೂದಲೆಳೆಯಷ್ಟು ತಿರುಚಿದರೂ ಕಡೆದ ವಸ್ತುವಿನ ಒಂದು ತುದಿ ದಪ್ಪ, ಇನ್ನೊಂದು ತೆಳು. ಪ್ರತಿ ಸಲ ಸರಿಸಿದಾಗಲೂ ಅದನ್ನು ಮಟ್ಟಸಗೊಳಿಸಬೇಕಾಗುತ್ತದೆ. ಆದುದರಿಂದ ಡ್ರಿಲ್ಲು, ಗ್ರೈಂಡರು, ಗರಗಸದ ಯಂತ್ರಗಳು ಗಾಲಿಯೇರಲಿ. ದೊಡ್ಡ ಲೇತು ತನ್ನ ನೆಲೆಯಲ್ಲಿಯೇ ನಿಲ್ಲಲಿ. ಯಾವುದು ಚಲಿಸಬೇಕು, ಯಾವುದು ನಿಲ್ಲಬೇಕು ಎಂದು ಬಲ್ಲ ಕುಶಲಿಗೆ ಇಕ್ಕಟ್ಟಾದ ಅಂಗಡಿಯೂ ವಿಶಾಲವಾಗುತ್ತದೆ.